ಇಂದಿನ ಧಮ್ಮ ಚಿಂತನೆ: ಮೋಡದೊಳಗೆ ಹೋಗಿ ನೋಡುವುದು

ಪ್ರಜ್ಞೆ ಮೂರು ಬಗೆ. ಕೇಳಿ ಬಂದದ್ದು *ಶ್ರುತಮಯ*, ವಿಚಾರ ಮಾಡಿ ಬಂದದ್ದು *ಚಿಂತನಮಯ*, ಸ್ವಂತ ಅಭ್ಯಾಸದಿಂದ ಬಂದದ್ದು *ಭಾವನಾಮಯ*. ಈ ಅಂತರ ನನಗೆ ಮನದಟ್ಟಾದದ್ದು ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ವಿಮಾನ ಹಾರಿಸಲು ಕಲಿಯುವಾಗ.

ಹೊರಗೇನೂ ಕಾಣದಾಗ ಉಪಕರಣಗಳನ್ನಷ್ಟೇ ನೋಡಿ ಹಾರಿಸಲು ಅಮೆರಿಕದಲ್ಲಿ ‘ಇನ್‌ಸ್ಟ್ರುಮೆಂಟ್ ರೇಟಿಂಗ್’ ಬೇಕು. ಅದರ ಪರೀಕ್ಷೆಗೆ ಮುನ್ನ 40 ಗಂಟೆ ಅಂಥ ಅಭ್ಯಾಸ ಆಗಿರಬೇಕು. ಆದರೆ ಅಷ್ಟನ್ನೂ ತಿಳಿ ಆಕಾಶದಲ್ಲೇ, ಹೊರನೋಟ ಮರೆಮಾಡುವ ಕನ್ನಡಕ ಹಾಕಿಕೊಂಡು ಮುಗಿಸಬಹುದು. ಒಂದು ಮೋಡವನ್ನೂ ಹೊಗದೆ ಪಾಸಾದವರು ಮರುದಿನ ಮನೆಯವರನ್ನು ಕೂರಿಸಿಕೊಂಡು ಮೋಡಕ್ಕೆ ನುಗ್ಗಬಹುದು. ಹಾಗಾಗಿ ಪರೀಕ್ಷೆಗೆ ಮೊದಲೇ ನಿಜವಾದ ಮೋಡ ಬೇಕೆಂದು ಗುರುಗಳನ್ನು ಕೇಳಿಕೊಂಡೆ.

ಕನ್ನಡಕದ ಅಂಚಿನಲ್ಲಿ ಬೆಳಕು ನುಸುಳುತ್ತದೆ. ಬೇಕಾದರೆ ತೆಗೆಯಬಹುದೆಂಬ ಧೈರ್ಯವೂ ಇರುತ್ತದೆ. ಮೋಡದಲ್ಲಿ ಅವೆರಡೂ ಇಲ್ಲ. ಒಳಕಿವಿಯ ನಾಳಗಳಲ್ಲಿರುವ ದ್ರವ ನಮಗೆ ತಿರುವನ್ನು ತಿಳಿಸುತ್ತದೆ. ಒಂದೇ ಸಮನೆ ಸುಮಾರು 20 ಸೆಕೆಂಡು ತಿರುಗಿದರೆ ದ್ರವವೂ ಜೊತೆಗೇ ತಿರುಗಿ, ನೇರ ಹೋಗುತ್ತಿದ್ದೇವೆ ಅನ್ನಿಸುತ್ತದೆ. ನೇರ ಮಾಡಿದರೆ ಎದುರು ದಿಕ್ಕಿಗೆ ವಾಲಿದಂತೆ ಅನ್ನಿಸುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಈ ತರಬೇತಿ ಇಲ್ಲದ 20 ಪೈಲಟ್‌ಗಳ ಹೊರನೋಟ ಮುಚ್ಚಿ ನೋಡಿದರು. ಅವರು ಹತೋಟಿ ತಪ್ಪಲು ಹಿಡಿದದ್ದು ಸರಾಸರಿ 178 ಸೆಕೆಂಡು.

ಬೇಸಿಗೆಯ ಬೆಳಗ್ಗೆ ಅಲ್ಲಿನ ಕರಾವಳಿಯ ಮೇಲೆ ತೆಳುವಾದ ಮೋಡದ ಹಾಸು ಇರುತ್ತದೆ. ಕುಲುಕಾಟ ಕಡಿಮೆ, ಮೇಲೆ ಬಿಸಿಲು. ನಿಯಂತ್ರಣ ಕೇಂದ್ರದ ಅನುಮತಿ ಪಡೆದು ಗುರುಗಳೊಂದಿಗೆ ಒಳಹೊಕ್ಕೆ. ತುಸು ಹೊತ್ತಿಗೆ ದೇಹ ‘ಬಲಕ್ಕೆ ವಾಲಿದ್ದೀಯ’ ಎಂದು ಕೂಗಿತು. ಎದುರಿನ ಉಪಕರಣ ‘ಸಮವಾಗಿದೆ’ ಎಂದಿತು. ಒಂದು ಉಪಕರಣವೂ ಕೆಡಬಹುದು, ಆದ್ದರಿಂದ ಉಳಿದವನ್ನೂ ನೋಡಿದೆ. ಎಲ್ಲವೂ ಒಂದೇ ಮಾತು ಹೇಳಿದವು. ಕೈ ಅಲ್ಲಾಡಿಸಲಿಲ್ಲ. ‘ವಾಲಿದಂತೆ ಅನ್ನಿಸುತ್ತಿದೆ’ ಎಂದಷ್ಟೇ ಗಮನಿಸಿದೆ. ಅನ್ನಿಸಿಕೆ ಹೋಗಲಿಲ್ಲ, ವಿಮಾನವೂ ದಾರಿ ಬಿಡಲಿಲ್ಲ.

ವೇದನೆಯನ್ನು ವೇದನೆಯಾಗಿ ಕಾಣುವುದೆಂದರೆ ಇದೇ. ಸಿಟ್ಟು ಬಂದಾಗ ‘ನಾನೇ ಸರಿ’ ಎನ್ನುವುದೂ ಒಳಕಿವಿಯ ಮಾತಿನಂಥದ್ದೇ. ಅದನ್ನು ಹತ್ತಿಕ್ಕುವುದೂ ಬೇಡ, ಅದರ ಮಾತು ಕೇಳುವುದೂ ಬೇಡ.

ಇನ್ನೊಂದು ಮಾತು. ಗುಡುಗಿನ ಮೋಡ, ರೆಕ್ಕೆಗೆ ಹಿಮ ಕಟ್ಟುವ ಮೋಡ ಕಲಿಯುವವರಿಗಲ್ಲ. ಸಾಧನೆಯಲ್ಲೂ ಹಾಗೆಯೇ: ಸಣ್ಣ ದುಃಖದಿಂದ ಆರಂಭಿಸಿ, ಪಕ್ಕದಲ್ಲಿ ಕಲ್ಯಾಣಮಿತ್ರರಿರಲಿ. ರೋಗ, ಅಗಲಿಕೆ, ಮರಣ ನಮ್ಮ ತಯಾರಿಯನ್ನು ಕೇಳಿ ಬರುವುದಿಲ್ಲ.

*ಇಂದಿನ ಅಭ್ಯಾಸ:* ಇಂದು ಎದುರಾಗುವ ಒಂದು ಸಣ್ಣ ಕಿರಿಕಿರಿಯಿಂದ ತಪ್ಪಿಸಿಕೊಳ್ಳದೆ, ಮೂರು ಉಸಿರಿನಷ್ಟು ಹೊತ್ತು ಅದರೊಳಗೇ ಇದ್ದು ನೋಡೋಣ.

ಸರ್ವರಿಗೂ ಮಂಗಳವಾಗಲಿ 🙏