ಮೂರನೇ ಕ್ರಮಾಂಕ ಕೈತಪ್ಪಿದ ದಿನ

ಶಾಲೆ ಶುರುವಾಗಿ ತಿಂಗಳಾಗುತ್ತಿದ್ದಂತೆ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬರುವ ಅಪ್ಪ ಅಮ್ಮಂದಿರಲ್ಲಿ ಹಲವರದು ಒಂದೇ ಚಿಂತೆ. ಕ್ಲಾಸ್ ಲೀಡರ್ ಆಯ್ಕೆ ಮುಗಿದಿರುತ್ತದೆ, ತಮ್ಮ ಮಗುವಿನ ಹೆಸರು ಬಂದಿರುವುದಿಲ್ಲ. ಕಳೆದ ಜುಲೈನಲ್ಲಿ ಬಂದ ತಾಯಿಯೊಬ್ಬರು ಕೂರುವ ಮೊದಲೇ ಕೇಳಿದರು: “ಮೇಡಂ, ಇವನಿಗೆ ಲೀಡರ್‌ಶಿಪ್ ಕ್ವಾಲಿಟಿ ಬರೋಕೆ ಏನ್ ಮಾಡ್ಬೇಕು?” ಆರನೇ ತರಗತಿಯ ಹುಡುಗ ನೀರಿನ ಬಾಟಲಿಯ ಮುಚ್ಚಳ ಬಿಚ್ಚುತ್ತ, ಮತ್ತೆ ಬಿಗಿಮಾಡುತ್ತ ಕೂತಿದ್ದ. ಅಮ್ಮ ಹೊರಗೆ ಹೋದ ಮೇಲೆ ಮೆಲ್ಲಗೆ ಹೇಳಿದ: “ಅಮ್ಮಂಗೆ ತುಂಬಾ ಬೇಜಾರಾಯ್ತು ಮೇಡಂ. ಅದಕ್ಕೇ ನಾನು ಅಳಲಿಲ್ಲ.”

ಹನ್ನೊಂದು ವರ್ಷದ ಮಗು ತನ್ನ ಸೋಲಿನ ಜೊತೆಗೆ ಅಮ್ಮನ ಸೋಲನ್ನೂ ಹೊತ್ತುಕೊಂಡಿತ್ತು.

ಅವನಿಗೆ ಕ್ರಿಕೆಟ್ ಹುಚ್ಚು. ಹಾಗಾಗಿ ರಾಹುಲ್ ದ್ರಾವಿಡ್ ಬಗ್ಗೆ ಮಾತಾಡಿದೆವು. 2001ರ ಮಾರ್ಚ್, ಕೋಲ್ಕತ್ತದ ಈಡನ್ ಗಾರ್ಡನ್ಸ್. ಸತತ 16 ಟೆಸ್ಟ್ ಗೆದ್ದು ಬಂದಿದ್ದ ಆಸ್ಟ್ರೇಲಿಯ, ಭಾರತದ ಮೇಲೆ ಫಾಲೋ ಆನ್ ಹೇರಿತ್ತು. ಮೊದಲ ಇನಿಂಗ್ಸ್‌ನಲ್ಲಿ ದ್ರಾವಿಡ್ ಹೊಡೆದದ್ದು 25. ಆರನೇ ಕ್ರಮಾಂಕದಲ್ಲಿ ಬಂದ ವಿ.ವಿ.ಎಸ್. ಲಕ್ಷ್ಮಣ್ 59 ಹೊಡೆದಿದ್ದರು. ಎರಡನೇ ಇನಿಂಗ್ಸ್‌ಗೆ ತಂಡ ಇಬ್ಬರ ಜಾಗವನ್ನೂ ಅದಲುಬದಲು ಮಾಡಿತು. ದ್ರಾವಿಡ್ ಅವರದೇ ಎನಿಸಿದ್ದ ಮೂರನೇ ಕ್ರಮಾಂಕ ಲಕ್ಷ್ಮಣ್ ಪಾಲಾಯಿತು. ಆರನೆಯವರಾಗಿ ಇಳಿದ ದ್ರಾವಿಡ್, ತನ್ನ ಜಾಗದಲ್ಲಿ ಆಡುತ್ತಿದ್ದವನ ಎದುರು ತುದಿಯಲ್ಲೇ ನಿಂತರು. ನಾಲ್ಕನೇ ದಿನ ಪೂರ್ತಿ ಒಂದೂ ವಿಕೆಟ್ ಬೀಳಲಿಲ್ಲ. ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ಭಾರತ 171 ರನ್‌ಗಳಿಂದ ಗೆದ್ದಿತು.

“ಅವರಿಗೆ ಬೇಜಾರಾಗಿರಲಿಲ್ವಾ?” ಎಂದು ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು. ಯಾರಿಗಾದರೂ ಆಗುವಂಥದ್ದೇ. ಬೇಜಾರು ಹೋಗಲಿ ಎಂದು ಕಾಯದೆ, ಅದನ್ನು ಇಟ್ಟುಕೊಂಡೇ ಕ್ರೀಸಿಗೆ ಹೋಗಬಹುದು ಎಂದೆ. ಮುಂದೆ 2003ರ ವಿಶ್ವಕಪ್‌ನಲ್ಲೂ ತಂಡಕ್ಕೆ ಒಬ್ಬ ಹೆಚ್ಚುವರಿ ಬ್ಯಾಟ್ಸ್‌ಮನ್ ಸಿಗಲೆಂದು ದ್ರಾವಿಡ್ ವಿಕೆಟ್ ಕೀಪಿಂಗ್ ಗ್ಲೌಸ್ ತೊಟ್ಟರು. ಆಗ ಅವರು ನಾಯಕರಾಗಿರಲಿಲ್ಲ. ನಾಯಕತ್ವ ಎಂದರೆ ಮಕ್ಕಳಿಗೆ ನಾವು ಬ್ಯಾಡ್ಜ್ ತೋರಿಸುತ್ತೇವೆ. ತಂಡಕ್ಕೆ ಏನು ಬೇಕು ಎಂದು ನೋಡಿ ಅದಕ್ಕೆ ಹೆಗಲು ಕೊಡುವುದನ್ನು ತೋರಿಸುವುದು ಕಡಿಮೆ.

ಮನೆಯಲ್ಲಿ ಏನು ಮಾಡಬಹುದು? ಆಯ್ಕೆಯಾಗದ ಸಂಜೆ ಮಗುವಿಗೆ ಮೊದಲು ತಿಂಡಿ ಕೊಡಿ. “ಟೀಚರ್‌ಗೆ ಅವಳ ಮೇಲೇ ಪ್ರೀತಿ” ಎಂದಾಗಲಿ, “ನೀನು ಮಾತೇ ಆಡಲ್ಲ, ಇನ್ನೇನಾಗುತ್ತೆ” ಎಂದಾಗಲಿ ದಯವಿಟ್ಟು ಹೇಳಬೇಡಿ. ಮೊದಲನೆಯದು ಮಗುವಿಗೆ ಇಲ್ಲದ ವೈರಿಯನ್ನು ಹುಟ್ಟಿಸುತ್ತದೆ, ಎರಡನೆಯದು ತನ್ನ ಮೇಲಿನ ನಂಬಿಕೆಯನ್ನೇ ಕಿತ್ತುಕೊಳ್ಳುತ್ತದೆ. ಅತ್ತರೆ ಅಳಲಿ. ನಾಲ್ಕು ದಿನ ಬಿಟ್ಟು, ಲೀಡರ್‌ಗೆ ಈ ವಾರ ಏನೇನು ಕೆಲಸ ಇದೆ, ಅದರಲ್ಲಿ ನಿನಗೆ ಚೆನ್ನಾಗಿ ಬರುವುದು ಯಾವುದು ಎಂದು ಕೇಳಿ ನೋಡಿ. ಮುಖ ತಿರುಗಿಸಿದರೆ ಒತ್ತಾಯ ಬೇಡ.

ಮಕ್ಕಳು ನಮ್ಮ ಬುದ್ಧಿಮಾತಿಗಿಂತ ನಾವು ಹಂಚುವ ಕೈಯನ್ನು ಹೆಚ್ಚು ಗಮನಿಸುತ್ತಾರೆ. 2018ರಲ್ಲಿ ಭಾರತದ 19 ವರ್ಷದೊಳಗಿನವರ ತಂಡ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದ ದ್ರಾವಿಡ್‌ಗೆ 50 ಲಕ್ಷ ರೂಪಾಯಿ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಬಹುಮಾನ ಘೋಷಣೆಯಾಯಿತು. ಈ ತಾರತಮ್ಯ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವರೂ ಸೇರಿ ಎಲ್ಲರಿಗೂ 25 ಲಕ್ಷ ಎಂದಾಯಿತು. ಅವರ ಪಾಲು ಅರ್ಧಕ್ಕಿಳಿಯಿತು. ನಮ್ಮ ಮನೆಗಳಲ್ಲಿ ಹಂಚಿಕೆಯ ಈ ಪಾಠ ಹಬ್ಬದ ದಿನ ಕೆಲಸಕ್ಕೆ ಬರುವ ಅಕ್ಕನಿಗೆ ಕಟ್ಟಿಕೊಡುವ ಒಬ್ಬಟ್ಟಿನಲ್ಲಿರುತ್ತದೆ: ಬಿಸಿಯದ್ದೋ, ಅಂಚು ಸೀದದ್ದೋ? ಮಗು ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತದೆ.

ಒಂದು ಎಚ್ಚರಿಕೆ. ಸಾಧಕರ ಕಥೆಯನ್ನು ಚಾಟಿಯಂತೆ ಬೀಸಬೇಡಿ. “ಅವರನ್ನು ನೋಡು, ನಿನ್ನನ್ನು ನೋಡ್ಕೋ” ಎಂದ ಕ್ಷಣ ಮಗು ಕಥೆಯನ್ನೂ ದ್ವೇಷಿಸಲು ಕಲಿಯುತ್ತದೆ. ಸೋತ ಭಾಗವನ್ನೂ ಬಿಡದೆ ಹೇಳಿ. 2024ರಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಕೈಗೆ ಬಂದಾಗ, ಸದಾ ಮೌನಿಯಾಗಿದ್ದ ಕೋಚ್ ದ್ರಾವಿಡ್ ಗಂಟಲು ಬಿರಿಯುವಂತೆ ಕೂಗಿದ್ದನ್ನು ಮಕ್ಕಳು ಮೊಬೈಲಿನಲ್ಲಿ ನೋಡಿದ್ದಾರೆ. 2007ರಲ್ಲಿ ಅದೇ ವೆಸ್ಟ್ ಇಂಡೀಸ್‌ನಲ್ಲಿ ಅವರ ನಾಯಕತ್ವದ ತಂಡ ಏಕದಿನ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಬಿದ್ದದ್ದು ಮಕ್ಕಳಿಗೆ ಗೊತ್ತಿಲ್ಲ. ಆ ಕೂಗಿನ ಹಿಂದೆ 17 ವರ್ಷಗಳಿವೆ.

ಸಾಮಾನ್ಯವಾಗಿ ಈ ಬೇಸರ ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಎರಡು ವಾರ ಕಳೆದರೂ ಮಗು ಸರಿಯಾಗಿ ಊಟ, ನಿದ್ದೆ ಮಾಡದಿದ್ದರೆ, ಬೆಳಿಗ್ಗೆ ಶಾಲೆಗೆ ಹೊರಡುವಾಗ ಹೊಟ್ಟೆನೋವು ಎನ್ನುತ್ತಿದ್ದರೆ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಬೇಕೆನಿಸಿದರೆ ಆಪ್ತಸಮಾಲೋಚಕರನ್ನು ಕಾಣಿ. ಬರುವಾಗ ಮಗುವಿನ ಎದುರು ನನ್ನನ್ನು ಏನು ಕೇಳಬೇಕೆಂದು ಬಾಗಿಲ ಹೊರಗೇ ಒಮ್ಮೆ ಯೋಚಿಸಿಕೊಳ್ಳಿ.