ವಸ್ತುಸಂಗ್ರಹಾಲಯ ಶಾಸ್ತ್ರ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ ನಗರದ ಮೇಲೆ ವಾಯುದಾಳಿ ನಡೆಯತೊಡಗಿದಾಗ, ಅಲ್ಲಿನ ಬ್ರಿಟಿಷ್ ವಸ್ತುಸಂಗ್ರಹಾಲಯದ ಅಧಿಕಾರಿಗಳು ತಮ್ಮ ವಶದಲ್ಲಿದ್ದ ಅಮೂಲ್ಯ ವಸ್ತುಗಳಲ್ಲಿ ಅನೇಕವನ್ನು ನೆಲದಡಿಯ ರೈಲುಸುರಂಗದಲ್ಲಿ ಬಚ್ಚಿಟ್ಟರು. ಬಾಂಬುಗಳಿಂದ ಅವು ಪಾರಾದುವು. ಆದರೆ ಯುದ್ಧ ಮುಗಿದು ಅವುಗಳನ್ನು ಮರಳಿ ತಂದಾಗ ಕಂಡ ನೋಟವೇ ಬೇರೆ. ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು. ಕಂಚಿನ ಮೈಮೇಲೆ ಹಸಿರು ಪುಡಿ ಎದ್ದಿತ್ತು. ಕಲ್ಲು ಮಣ್ಣಿನ ವಸ್ತುಗಳೊಳಗೆ ಅಡಗಿದ್ದ ಉಪ್ಪು ಹೊರಬಂದು ಹರಳುಗಟ್ಟಿತ್ತು. ಸಾವಿರಾರು ವರ್ಷ ಬಾಳಿದ್ದ ವಸ್ತುಗಳು ಕೆಲವೇ ವರ್ಷಗಳ ತೇವಕ್ಕೆ ಸೋತುಹೋಗಿದ್ದುವು. ಕಾರಣವನ್ನರಿಯಲು 1919ರಲ್ಲಿ ಅಲೆಗ್ಸಾಂಡರ್ ಸ್ಕಾಟ್ ಎಂಬ ರಸಾಯನ ವಿಜ್ಞಾನಿಯನ್ನು ಕರೆಯಿಸಿದರು. ಅಲ್ಲಿನ ಸಂಶೋಧನಾ ಪ್ರಯೋಗಶಾಲೆ ಹುಟ್ಟಿದ್ದು ಹೀಗೆ.

ಬೀಗ ಹಾಕಿ ಇಟ್ಟ ಮಾತ್ರಕ್ಕೆ ವಸ್ತುವನ್ನು ಕಾಪಾಡಿದಂತಾಗದು ಎಂಬ ಪಾಠವನ್ನು ಈ ಘಟನೆ ಲೋಕಕ್ಕೆ ಕಲಿಸಿತು. ಮುರಿದ ಯಂತ್ರವನ್ನು ಮತ್ತೆ ಮಾಡಿಸಬಹುದು. ಹಾಳಾದ ಬೆಳೆಯನ್ನು ಮರುವರ್ಷ ಬೆಳೆಯಬಹುದು. ಆದರೆ ಪುಡಿಯಾಗಿ ಉದುರಿದ ಪ್ರಾಚೀನ ವಸ್ತುವನ್ನು ಯಾರೂ ಮರಳಿ ಸೃಷ್ಟಿಸಲಾರರು. ಆದಕಾರಣ ಅಂಥ ವಸ್ತುಗಳ ಹೊಣೆ ಹೊರತಕ್ಕವನಿಗೆ ವಿಶೇಷ ಶಿಕ್ಷಣ ಅಗತ್ಯ. ಈ ಶಿಕ್ಷಣವೇ ಇಂದು ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ವ್ಯಾಸಂಗದ ವಿಷಯವಾಗಿರುವ ವಸ್ತುಸಂಗ್ರಹಾಲಯ ಶಾಸ್ತ್ರ.

ಶಾಸ್ತ್ರದ ವ್ಯಾಪ್ತಿ

ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಲಿಯು 1946ರಲ್ಲಿ ಸ್ಥಾಪಿತವಾಯಿತು. ಅದು 2022ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಂತೆ ವಸ್ತುಸಂಗ್ರಹಾಲಯವು ಲಾಭದ ಉದ್ದೇಶವಿಲ್ಲದೆ ಸಮಾಜದ ಸೇವೆಗಾಗಿ ಇರುವ ಶಾಶ್ವತ ಸಂಸ್ಥೆ. ಸಂಶೋಧನೆ, ಸಂಗ್ರಹಣ, ಸಂರಕ್ಷಣ, ವಿವರಣೆ, ಪ್ರದರ್ಶನ ಎಂಬ ಐದು ಕೆಲಸಗಳು ಅದಕ್ಕೆ ಸೇರಿವೆ. ನಾವು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಕಾಣುವುದು ಕೊನೆಯದನ್ನು ಮಾತ್ರ. ಉಳಿದ ನಾಲ್ಕೂ ತೆರೆಯ ಮರೆಯಲ್ಲಿ ನಡೆಯುತ್ತವೆ.

ಈ ಶಾಸ್ತ್ರದ ವಿದ್ಯಾರ್ಥಿ ಇತಿಹಾಸ, ಶಿಲ್ಪ, ಲಿಪಿ, ನಾಣ್ಯ ಇವುಗಳನ್ನು ಓದುವುದು ಸಹಜವೇ. ಅದರ ಜೊತೆಗೆ ಲೋಹಗಳ ರಸಾಯನ, ಗಾಳಿಯ ತೇವ, ಬೆಳಕಿನ ಅಳತೆ, ಕೀಟಗಳ ಜೀವನಕ್ರಮ, ಅಗ್ನಿರಕ್ಷಣೆ, ಪ್ರಾಚ್ಯವಸ್ತುಗಳ ಕಾನೂನು ಇವನ್ನೂ ಕಲಿಯಬೇಕಾಗುತ್ತದೆ. ಇವು ಏತಕ್ಕೆ ಬೇಕು? ಒಂದೊಂದಾಗಿ ನೋಡೋಣ.

ತೇವದ ಲೆಕ್ಕ

ಗಾಳಿಯಲ್ಲಿ ನೀರಿನ ಆವಿ ಯಾವಾಗಲೂ ಇರುತ್ತದೆ. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹಿಡಿಯುತ್ತದೆ. 20 ಡಿಗ್ರಿಯಲ್ಲಾದರೋ ಸುಮಾರು 17 ಗ್ರಾಂ ಮಾತ್ರ. ಹಿಡಿಯಬಹುದಾದ ಆವಿಯಲ್ಲಿ ನೂರಕ್ಕೆ ಎಷ್ಟು ಪಾಲು ಇದೆಯೆಂಬುದನ್ನು ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ.

ಹಗಲು 30 ಡಿಗ್ರಿ ಇರುವ ಒಂದು ಕೋಣೆಯ ಪ್ರತಿ ಘನಮೀಟರು ಗಾಳಿಯಲ್ಲಿ 15 ಗ್ರಾಂ ಆವಿ ಇದೆಯೆಂದು ಭಾವಿಸೋಣ. ಆಗ ಆರ್ದ್ರತೆ ನೂರಕ್ಕೆ 50. ಕೋಣೆಯನ್ನು ಮುಚ್ಚಿ, ಒಂದು ತೊಟ್ಟು ನೀರನ್ನೂ ಸೇರಿಸದೆ, ರಾತ್ರಿ ಅದು 20 ಡಿಗ್ರಿಗೆ ಇಳಿಯಲು ಬಿಟ್ಟರೆ ಆರ್ದ್ರತೆ ನೂರಕ್ಕೆ 88ನ್ನು ಮುಟ್ಟುತ್ತದೆ. ಮರ ಮತ್ತು ದಂತ ಈ ತೇವವನ್ನು ಹೀರಿ ಉಬ್ಬುತ್ತವೆ. ಹಗಲು ಮತ್ತೆ ಕುಗ್ಗುತ್ತವೆ. ದಿನವೂ ಹೀಗಾದರೆ ಅವು ಸೀಳುತ್ತವೆ, ಅವುಗಳ ಮೇಲಿನ ಬಣ್ಣ ಎದ್ದು ಬರುತ್ತದೆ. ಆರ್ದ್ರತೆ ನೂರಕ್ಕೆ 70ನ್ನು ಮೀರಿ ಬಹುಕಾಲ ನಿಂತರೆ ಕಾಗದಕ್ಕೂ ಬಟ್ಟೆಗೂ ಬೂಷ್ಟು ಹಿಡಿಯುವುದು ಖಂಡಿತ.

ಕಂಚಿನ ಪಾಡು ಇನ್ನೂ ವಿಚಿತ್ರ. ಉಪ್ಪಿನಂಶವುಳ್ಳ ನೆಲದಲ್ಲಿ ಹೂತಿದ್ದ ಕಂಚಿನ ಮೈಯೊಳಗೆ ತಾಮ್ರದ ಒಂದು ಕ್ಲೋರೈಡು ಸೇರಿಕೊಂಡಿರುತ್ತದೆ. ಮಣ್ಣಿನಡಿಯಲ್ಲಿರುವ ತನಕ ಅದು ಹೆಚ್ಚು ಉಪದ್ರವ ಮಾಡದು. ವಿಗ್ರಹವನ್ನು ಅಗೆದು ಹೊರತೆಗೆದ ಮೇಲೆ ಗಾಳಿಯ ತೇವವೂ ಆಕ್ಸಿಜನ್ನೂ ಅದನ್ನು ಸೋಂಕುತ್ತವೆ. ತಿಳಿಹಸಿರು ಪುಡಿಯೊಡನೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಒಳಗಿನ ಲೋಹವನ್ನು ತಿಂದು ಮತ್ತೆ ಅದೇ ಕ್ಲೋರೈಡನ್ನು ಉಂಟುಮಾಡುತ್ತದೆ. ಹೀಗೆ ಈ ಚಕ್ರ ತಾನೇ ತಾನಾಗಿ ತಿರುಗುತ್ತಲೇ ಹೋಗುತ್ತದೆ. ಇದಕ್ಕೆ 'ಕಂಚಿನ ರೋಗ' ಎಂದೇ ಹೆಸರು. ಪಾತ್ರೆಗೆ ಹಿಡಿಯುವ ಸಾಮಾನ್ಯ ಕಿಲುಬು ಲೋಹಕ್ಕೆ ಹೊದಿಕೆಯಾಗಿ ನಿಲ್ಲಬಹುದು. ಈ ರೋಗವಾದರೋ ವಿಗ್ರಹವನ್ನೇ ಪುಡಿಮಾಡುತ್ತದೆ. ನಮ್ಮ ದೇಶದಲ್ಲಿ 1930ರಲ್ಲಿಯೇ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಎಸ್. ಪರಮಶಿವನ್ ಅವರು ಪ್ರಯೋಗಶಾಲೆಯಲ್ಲಿ ವಿದ್ಯುತ್ಪ್ರವಾಹದ ಸಹಾಯದಿಂದ ಇಂಥ ಕಂಚುಗಳಿಗೆ ಚಿಕಿತ್ಸೆ ನಡೆಸತೊಡಗಿದರು.

ಕಂಚಿಗೆ ರೋಗ ಬಾರದಿರಬೇಕಾದರೆ ಆರ್ದ್ರತೆ ನೂರಕ್ಕೆ 40ಕ್ಕಿಂತ ಕೆಳಗಿರುವುದು ಒಳ್ಳೆಯದು. ಅದೇ ಒಣಗಾಳಿಯಲ್ಲಿ ದಂತ ಸೀಳಬಹುದು. ಹಾಗಾದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಹುದೆ? ಇಂಥ ಪ್ರಶ್ನೆಗೆ ಇತಿಹಾಸದ ಜ್ಞಾನವೊಂದರಿಂದಲೇ ಉತ್ತರ ದೊರೆಯದು.

ಬೆಳಕಿನ ಲೆಕ್ಕ

ಬೆಳಕಿಲ್ಲದೆ ನೋಡಲಾಗದು, ಆದರೆ ಬೆಳಕು ಬಣ್ಣವನ್ನು ಕೊಲ್ಲುತ್ತದೆ. ಬಿಸಿಲಿಗೆ ಒಣಹಾಕಿದ ಸೀರೆ ಮಾಸುವುದನ್ನು ಎಲ್ಲರೂ ಬಲ್ಲರು. ಬೆಳಕು ಮಾಡಿದ ಹಾನಿ ಕೂಡುತ್ತಲೇ ಹೋಗುತ್ತದೆ, ಎಂದಿಗೂ ಕಳೆಯುವುದಿಲ್ಲ. ಬಟ್ಟೆ, ಕಾಗದ, ಜಲವರ್ಣಚಿತ್ರ ಇವುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿರುವ ನಿಯಮ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ದಿನಕ್ಕೆ ಎಂಟು ಗಂಟೆಯಂತೆ 50 ಲಕ್ಸ್ ಬೆಳಕಿನಲ್ಲಿಟ್ಟ ರೇಷ್ಮೆಯ ಮೇಲೆ ದಿನವೊಂದಕ್ಕೆ ಬೀಳುವುದು 400 ಲಕ್ಸ್-ಗಂಟೆ. ಅಂದರೆ ಬಿಸಿಲಿನ ಒಂದು ಗಂಟೆ ಸಂಗ್ರಹಾಲಯದ 250 ದಿನಗಳಿಗೆ ಸಮ! ಬಿಸಿಲಿನಲ್ಲಿ ಅಧಿಕವಾಗಿರುವ ನೇರಿಳಾತೀತ ಕಿರಣಗಳ ಹಾನಿ ಇದಕ್ಕೆ ಮೇಲೆ. ಕೆಲವು ಕೊಠಡಿಗಳು ಮಬ್ಬಾಗಿರುವುದು ವ್ಯವಸ್ಥಾಪಕರ ಜಿಪುಣತನದಿಂದಲ್ಲವೆಂಬುದು ಈಗ ಸ್ಪಷ್ಟವಾಗಿರಬೇಕು.

ಹುಳುಗಳ ಹಾವಳಿ

1905ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು. ಅಲ್ಲಿಯವರೆಗೆ ಆ ಗ್ರಂಥ ನಷ್ಟವಾಯಿತೆಂದೇ ವಿದ್ವಾಂಸರು ಭಾವಿಸಿದ್ದರು. ಆ ಗರಿಗಳು ಅದಕ್ಕೆ ಮುಂಚೆ ಗೆದ್ದಲಿನ ಪಾಲಾಗಿದ್ದರೆ ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ನಮ್ಮ ತಿಳಿವಳಿಕೆ ಎಷ್ಟು ಬಡವಾಗಿರುತ್ತಿತ್ತು!

ನಮ್ಮ ಹಿರಿಯರು ಓಲೆಗರಿಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬೇವಿನೆಲೆ, ಬಜೆ ಮೊದಲಾದುವನ್ನು ಜೊತೆಗಿಟ್ಟು ಕಾಯುತ್ತಿದ್ದರು. ಅನಂತರದ ಕಾಲದಲ್ಲಿ ಪ್ರಬಲ ವಿಷಗಳು ಬಂದುವು. ಹಕ್ಕಿ, ಪ್ರಾಣಿಗಳ ಚರ್ಮಕ್ಕೆ ಬಳಿದ ಪಾಷಾಣ ಹುಳುಗಳನ್ನು ದೂರವಿಟ್ಟಿತು. ಆದರೆ ಅದು ಇಂದಿಗೂ ಆ ಚರ್ಮಗಳಲ್ಲಿ ಉಳಿದಿದ್ದು, ಮುಟ್ಟುವವರಿಗೆ ಅಪಾಯಕಾರಿಯಾಗಿದೆ. ಈಗ ವಿಷವಿಲ್ಲದ ವಿಧಾನಗಳಿವೆ. ವಸ್ತುವನ್ನು ಗಾಳಿಯಾಡದ ಚೀಲದಲ್ಲಿಟ್ಟು, ಆಕ್ಸಿಜನ್ನನ್ನು ತೆಗೆದು, ನೈಟ್ರೊಜನ್ ತುಂಬಿ ಸುಮಾರು ಮೂರು ವಾರ ಬಿಟ್ಟರೆ ಹುಳುಗಳೂ ಅವುಗಳ ಮೊಟ್ಟೆಗಳೂ ಸಾಯುತ್ತವೆ. ತಡೆದುಕೊಳ್ಳಬಲ್ಲ ವಸ್ತುಗಳನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಒಂದೆರಡು ವಾರ ಇಡುವುದೂ ಉಂಟು.

ವಸ್ತುವಿನ ಜಾತಕ

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು. ಹತ್ತನೆಯ ಶತಮಾನದ ಆತಕೂರಿನ ಶಿಲಾಶಾಸನ ಅದಕ್ಕೆ ಸೇರಿದೆ. ನಾಯಿ ಮತ್ತು ಹಂದಿ ಕಾದುವ ಚಿತ್ರ ಅದರ ಮೇಲಿದೆ. ಕಾಳಿಯೆಂಬ ಆ ನಾಯಿ ಮಣಲೆರನೆಂಬ ವೀರನದೆಂದೂ, ಹಂದಿಯೊಡನೆ ಹೋರಾಡಿ ಎರಡೂ ಮಡಿದುವೆಂದೂ, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರೆಂದೂ ಶಾಸನವೇ ಹೇಳುತ್ತದೆ. ಅಕ್ಷರವಿರುವ ಕಲ್ಲು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ಆದರೆ ಒಂದು ಮಡಕೆಯ ಚೂರಾಗಲಿ, ಬೀಸುವ ಕಲ್ಲಾಗಲಿ, ಹೆಸರಿಲ್ಲದ ವಿಗ್ರಹವಾಗಲಿ ಮಾತನಾಡುವುದಿಲ್ಲ. ಅದು ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿತ್ತು, ಅದರ ಜೊತೆ ಇನ್ನೇನಿತ್ತು, ಯಾರು ಕೊಟ್ಟರು ಎಂಬುದನ್ನು ಸಿಕ್ಕಿದ ದಿನವೇ ಬರೆದಿಡದಿದ್ದರೆ ಮುಂದೆ ಯಾವ ಪ್ರಯೋಗಶಾಲೆಯೂ ಅದನ್ನೆಲ್ಲ ಪೂರ್ಣವಾಗಿ ಹೇಳಿಕೊಡಲಾರದು.

ಆದುದರಿಂದ ಒಳಬಂದ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಬೀಳುತ್ತದೆ. ಉದಾಹರಣೆಗೆ 2024.7.3 ಎಂದರೆ 2024ನೆಯ ವರ್ಷ ಏಳನೆಯ ಸಲ ಬಂದ ವಸ್ತುಗಳಲ್ಲಿ ಮೂರನೆಯದು. ಈ ಸಂಖ್ಯೆಯ ಎದುರಿಗೆ ದಾಖಲೆಯ ಪುಸ್ತಕದಲ್ಲಿ ಅಳತೆ, ತೂಕ, ಮೂಲಸ್ಥಾನ, ಸ್ಥಿತಿ ಇವುಗಳ ವಿವರವಿರುತ್ತದೆ, ಛಾಯಾಚಿತ್ರವೂ ಇರುತ್ತದೆ. ನೀರಸವಾಗಿ ತೋರುವ ಈ ಕೆಲಸದ ಬೆಲೆ ಎಷ್ಟೆಂಬುದನ್ನು ಒಂದು ಪ್ರಸಂಗ ತೋರಿಸಿಕೊಟ್ಟಿತು. ತಮಿಳುನಾಡಿನ ಶ್ರೀಪುರಂದಾನ್ ಗ್ರಾಮದ ದೇವಾಲಯದಿಂದ ಕಳುವಾದ ನಟರಾಜ ವಿಗ್ರಹವೊಂದನ್ನು 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ 50 ಲಕ್ಷ ಡಾಲರು ಕೊಟ್ಟು ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯ ವಿದ್ವಾಂಸರು ದೇವಾಲಯಗಳ ಮೂರ್ತಿಗಳ ಛಾಯಾಚಿತ್ರಗಳನ್ನು ದಶಕಗಳಿಂದ ಸಂಗ್ರಹಿಸುತ್ತ ಬಂದಿದ್ದರು. ಅವುಗಳಲ್ಲಿ ಈ ಮೂರ್ತಿಯ ಚಿತ್ರವೂ ಇದ್ದಿತು. ಎರಡನ್ನೂ ಹೋಲಿಸಲು ಸಾಧ್ಯವಾಯಿತು. 2014ರಲ್ಲಿ ನಟರಾಜ ಭಾರತಕ್ಕೆ ಹಿಂದಿರುಗಿತು. ದಾಖಲೆಯಿಲ್ಲದ ವಿಗ್ರಹ ಕಳುವಾದರೆ ಅದು ನಮ್ಮದೆಂದು ಸಾಧಿಸುವುದು ಬಹಳ ಕಷ್ಟ.

ಎಲ್ಲಿ ನಿಲ್ಲಿಸಬೇಕು?

ವಸ್ತುವನ್ನು ಶುಚಿಮಾಡಿ ಹೊಸದರಂತೆ ಹೊಳೆಯಿಸುವುದೇ ಸಂರಕ್ಷಣೆಯೆಂದು ತಿಳಿಯುವವರಿದ್ದಾರೆ. ಇದು ತಪ್ಪು ಗ್ರಹಿಕೆ. 1937-38ರಲ್ಲಿ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿಯೇ ಗ್ರೀಸಿನ ಪಾರ್ಥೆನಾನ್ ದೇವಾಲಯದ ಅಮೃತಶಿಲೆಯ ಶಿಲ್ಪಗಳಲ್ಲಿ ಕೆಲವನ್ನು ಬೆಳ್ಳಗೆ ಕಾಣಲೆಂದು ತಾಮ್ರದ ಉಳಿಗಳಿಂದಲೂ ಒರಟು ಪುಡಿಯಿಂದಲೂ ಉಜ್ಜಿದರು. ಶತಮಾನಗಳಿಂದ ಕಟ್ಟಿಕೊಂಡಿದ್ದ ಮೇಲ್ಪದರ ಹಲವೆಡೆ ಹೋಯಿತು. ಅದನ್ನು ಮತ್ತೆ ಅಂಟಿಸುವ ಉಪಾಯವಿಲ್ಲ.

ಇಂಥ ಅನುಭವಗಳಿಂದ ಎರಡು ಸೂತ್ರಗಳು ರೂಪುಗೊಂಡಿವೆ. ಅಗತ್ಯವಿರುವುದಕ್ಕಿಂತ ಹೆಚ್ಚಿಗೆ ಏನನ್ನೂ ಮಾಡಬಾರದು. ಮಾಡಿದುದನ್ನು ಮುಂದಿನವರು ಸಾಧ್ಯವಾದಷ್ಟು ಮಟ್ಟಿಗೆ ತೆಗೆದುಹಾಕುವಂತಿರಬೇಕು. ಮುರಿದ ಮಡಕೆಯನ್ನು ಅಂಟಿಸುವ ಅಂಟು ಕೂಡ ಬೇಕೆಂದಾಗ ಕರಗುವಂಥದಾಗಿರಬೇಕು. ನಾಳೆ ಇದಕ್ಕಿಂತ ಉತ್ತಮವಾದ ವಿಧಾನ ಬರಬಹುದೆಂಬ ವಿನಯ ಈ ಸೂತ್ರಗಳಲ್ಲಿದೆ.

ಇಷ್ಟೆಲ್ಲ ಎಚ್ಚರವನ್ನೂ ಒಂದು ರಾತ್ರಿಯ ಬೆಂಕಿ ವ್ಯರ್ಥಗೊಳಿಸಬಲ್ಲದು. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ನಿಸರ್ಗ ವಿಜ್ಞಾನ ಸಂಗ್ರಹಾಲಯ ಸುಟ್ಟುಹೋಯಿತು. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ, ಆಗತಾನೆ ಇನ್ನೂರು ವರ್ಷ ತುಂಬಿದ್ದ ರಾಷ್ಟ್ರೀಯ ಸಂಗ್ರಹಾಲಯ ಭಸ್ಮವಾಯಿತು. ಅಲ್ಲಿದ್ದ ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಪಾಲು ಹೋದುವು. ವಿದ್ಯುತ್ ತಂತಿಗಳ ಸ್ಥಿತಿ, ನೀರಿನ ಸೌಲಭ್ಯ, ಅಪಾಯದಲ್ಲಿ ಯಾವ ವಸ್ತುವನ್ನು ಮೊದಲು ಹೊರಗೆ ಸಾಗಿಸಬೇಕೆಂಬ ಪಟ್ಟಿ ಇವೆಲ್ಲವೂ ಇಂದು ಪಾಠದ ಭಾಗ.

ವ್ಯಾಸಂಗದ ಅವಕಾಶಗಳು

ನಮ್ಮ ದೇಶದ ಮೊದಲ ವಸ್ತುಸಂಗ್ರಹಾಲಯ 1814ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿತು. ಅದನ್ನು ನಡೆಸುವ ಶಾಸ್ತ್ರದ ಬೋಧನೆಯಾದರೋ ಬಹಳ ತಡವಾಗಿ ಬಂದಿತು. ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯ 1952ರಲ್ಲಿಯೂ, ಕಲ್ಕತ್ತೆಯ ವಿಶ್ವವಿದ್ಯಾನಿಲಯ 1959ರಲ್ಲಿಯೂ ಇದಕ್ಕಾಗಿ ವಿಭಾಗಗಳನ್ನು ತೆರೆದುವು. 1989ರಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ ಕಲೆಯ ಇತಿಹಾಸ, ಸಂರಕ್ಷಣೆ, ವಸ್ತುಸಂಗ್ರಹಾಲಯ ಶಾಸ್ತ್ರ ಈ ಮೂರನ್ನೂ ಬೋಧಿಸುವ ಸಂಸ್ಥೆಯೊಂದು ಸ್ಥಾಪಿತವಾಯಿತು. 1976ರಲ್ಲಿ ಲಖನೌ ನಗರದಲ್ಲಿ ಆರಂಭವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಶಾಲೆಯು ಮುಂದೆ ಮೈಸೂರಿನಲ್ಲಿಯೂ ತನ್ನ ಪ್ರಾದೇಶಿಕ ಪ್ರಯೋಗಶಾಲೆಯನ್ನು ತೆರೆಯಿತು.

ಸ್ನಾತಕೋತ್ತರ ವ್ಯಾಸಂಗ ಸಾಮಾನ್ಯವಾಗಿ ಎರಡು ವರ್ಷದ್ದು. ಪಾಠಗಳ ಜೊತೆಗೆ ಯಾವುದಾದರೊಂದು ಸಂಗ್ರಹಾಲಯದಲ್ಲಿ ಕೈಕೆಲಸದ ಅನುಭವವೂ ಒಂದು ಪ್ರಬಂಧವೂ ಇರುತ್ತವೆ. ಇತಿಹಾಸ, ಪುರಾತತ್ವ, ಚಿತ್ರಕಲೆ ಓದಿದವರಿಗೆ ಮಾತ್ರ ಇದು ಮೀಸಲೆಂದು ವಿಜ್ಞಾನದ ವಿದ್ಯಾರ್ಥಿಗಳು ಭಾವಿಸಬಾರದು. ಕಂಚಿನ ರೋಗವನ್ನು ಗುಣಪಡಿಸಲು ರಸಾಯನಶಾಸ್ತ್ರಜ್ಞ ಬೇಕು; ಓಲೆಗರಿಯ ಹುಳುವನ್ನು ಗುರುತಿಸಲು ಪ್ರಾಣಿಶಾಸ್ತ್ರ ಬಲ್ಲವನು ಬೇಕು. ಈ ಕ್ಷೇತ್ರದಲ್ಲಿ ಹುದ್ದೆಗಳು ಹೇರಳವಾಗಿಲ್ಲವೆಂಬುದು ನಿಜ. ಆದರೆ ಪ್ರಾಚ್ಯವಸ್ತು ಇಲಾಖೆಗಳು, ಹಸ್ತಪ್ರತಿ ಭಂಡಾರಗಳು, ಪತ್ರಾಗಾರಗಳು ಇವುಗಳಿಗೂ ಇದೇ ಶಿಕ್ಷಣ ಪಡೆದವರ ಅಗತ್ಯವಿದೆ.

ವಿದ್ಯಾರ್ಥಿಗಳು ಮುಂದಿನ ಸಲ ವಸ್ತುಸಂಗ್ರಹಾಲಯಕ್ಕೆ ಹೋದಾಗ ಒಂದೇ ಒಂದು ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ನಿಂತು ಇವುಗಳನ್ನು ಗಮನಿಸಿ ಬರೆದುಕೊಳ್ಳಲಿ: ಬೆಳಕು ಎಲ್ಲಿಂದ ಬೀಳುತ್ತಿದೆ? ಕಿಟಕಿಯ ಬಿಸಿಲು ಒಳಬರುತ್ತದೆಯೆ? ಆರ್ದ್ರತೆಯನ್ನು ಅಳೆಯುವ ಉಪಕರಣವಿದೆಯೆ? ಲೋಹ, ಮರ, ಬಟ್ಟೆಗಳನ್ನು ಒಟ್ಟಿಗೆ ಇಟ್ಟಿದ್ದಾರೆಯೆ? ಕಂಚಿನ ಮೇಲೆ ತಿಳಿಹಸಿರು ಚುಕ್ಕೆಗಳಿವೆಯೆ? ವಸ್ತು ಯಾವ ಊರಿನದೆಂದು ಹೆಸರುಪಟ್ಟಿಯಲ್ಲಿ ಬರೆದಿದೆಯೆ? ಮನೆಯ ಅಟ್ಟದ ಮೇಲೆ ಹಳೆಯ ಓಲೆಗರಿಯ ಕಟ್ಟೋ, ಅಜ್ಜನ ಕಾಲದ ಕಾಗದಪತ್ರವೋ ಇದ್ದರೆ ಅದರ ವಿಷಯದಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಅದು ಯಾರದು, ಎಲ್ಲಿಂದ ಬಂದಿತು ಎಂಬುದನ್ನು ಮನೆಯ ಹಿರಿಯರಿಂದ ತಿಳಿದು ಬರೆದಿಡುವ ಕೆಲಸಕ್ಕೆ ಯಾವ ಪದವಿಯೂ ಬೇಡ; ಅದನ್ನು ಬಲ್ಲ ಹಿರಿಯರು ಇರುವಾಗಲೇ ಮಾಡಬೇಕು, ಅಷ್ಟೆ.