ತೀರ್ಪುಗಾರನ ಹೊಣೆ

ಕಣದಲ್ಲಿ ತೀರ್ಪುಗಾರನ ಮಾತೇ ಕಡೆಯ ಮಾತು. ಇಲ್ಲವಾದರೆ ಆಟ ಸಾಗದು. ಆದರೆ ಆಟ ಮುಗಿದ ಮೇಲೂ ಆತ ಯಾರಿಗೂ ಉತ್ತರ ಹೇಳಬೇಕಾಗಿಲ್ಲವೆ?

2019ರ ಮಾರ್ಚ್ 28ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ತಂಡದ ಮಾಲಿಂಗ ಐ.ಪಿ.ಎಲ್. ಪಂದ್ಯದ ಕೊನೆಯ ಚೆಂಡನ್ನು ಗೆರೆ ದಾಟಿ ಎಸೆದರು. ಅಂಪೈರರು ಅದನ್ನು ಕಾಣಲಿಲ್ಲ. ಬೆಂಗಳೂರು 6 ರನ್ನುಗಳಿಂದ ಸೋತಿತು; ನಾಯಕ ಕೊಹ್ಲಿ ಬಹಿರಂಗವಾಗಿಯೇ ಸಿಟ್ಟಾದರು. 2020ರಿಂದ ಅಂಥ ನೋಬಾಲನ್ನು ಗುರುತಿಸುವ ಕೆಲಸ ಮೂರನೆಯ ಅಂಪೈರರಿಗೆ ಬಂತು. ಯಂತ್ರವು ಕಣ್ಣಿಗೆ ನೆರವಾಯಿತು, ನಿಜ; ಹೊಣೆಯ ಪ್ರಶ್ನೆ ಉಳಿದೇ ಇದೆ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ 2010ರ ಜೂನ್ 2ರಂದು ಬೇಸ್‌ಬಾಲ್ ಅಂಪೈರ್ ಜಿಮ್ ಜಾಯ್ಸ್ ಕೊಟ್ಟ ತಪ್ಪು ತೀರ್ಪಿನಿಂದ ಗಲರಾಗಾ ಎಂಬ ಎಸೆತಗಾರರ ಅಪೂರ್ವ ಸಾಧನೆ ಕೈತಪ್ಪಿತು. ಮರುಚಿತ್ರ ನೋಡಿದೊಡನೆ ಜಾಯ್ಸ್ ತಪ್ಪೊಪ್ಪಿ ಕ್ಷಮೆ ಕೇಳಿದರು. ತೀರ್ಪು ಬದಲಾಗಲಿಲ್ಲ, ಅವರ ಗೌರವವೂ ಕುಂದಲಿಲ್ಲ.

ನಮ್ಮೂರು ತಾವರೆಕೆರೆಯ ಕಬಡ್ಡಿಯಲ್ಲಿ, ಓದಿದ ಹುಡುಗನೆಂದು ಸೀಟಿಯನ್ನು ನನ್ನ ಕೈಗೆ ಕೊಟ್ಟಿದ್ದರು. ನಡುಗೆರೆ ಮುಟ್ಟಿದ್ದವನನ್ನು ಔಟೆಂದೆ. ಸುಣ್ಣದ ಮೇಲೆ ಅವನ ಬೆರಳ ಗುರುತು ಆಮೇಲೆ ಕಂಡರೂ ಬಾಯಿ ಬಿಡಲಿಲ್ಲ. ರಾತ್ರಿ ಉಣ್ಣುವಾಗ ಶಾಲೆಯ ಮುಖ ಕಾಣದ ನಮ್ಮ ತಂದೆ, “ತಪ್ಪಾಯ್ತು ಅನ್ನೋಕೆ ಓದು ಅಡ್ಡ ಬಂತೇನಪ್ಪಾ?” ಎಂದರು. ಮರುದಿನ ಹುಡುಗನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆದರೆ ತೀರ್ಪು ಕೊಟ್ಟದ್ದು ಊರೆದುರು, ಕ್ಷಮೆ ಕೇಳಿದ್ದು ಜಗಲಿಯ ಮೇಲೆ!

ಆದುದರಿಂದ ಮಿತ್ರರೇ, ಆಟ ನಡೆಯುವಾಗ ತೀರ್ಪಿಗೆ ತಲೆಬಾಗೋಣ. ಮುಗಿದ ಮೇಲೆ ತೀರ್ಪುಗಾರನು ತೀರ್ಪು ಕೊಟ್ಟಲ್ಲಿಯೇ ನಿಂತು ಕಾರಣ ಹೇಳಲಿ. ನಾವು ಕೂಗಾಡದೆ ಕೇಳೋಣ.